ಹೊರಗೆ ಕಳಿಸಿದ ಅಜ್ಜ

ಭಾಲ್ಕಿಯ ಕಲ್ಯಾಣ ಮಂಟಪದಲ್ಲಿ ಬಟ್ಟೆಯ ಗೊಂಬೆಯೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಂಜನಾಬಾಯಿ ಮಾತಾಡುತ್ತಿದ್ದ ಹೊತ್ತಿಗೇ, ಔರಾದಿನ ಆಕೆಯ ಮನೆಯಲ್ಲಿ ಮೊಮ್ಮಗಳ ಹೊಟ್ಟೆಯ ಮೇಲೆ ಬರೆ ಬಿದ್ದಿತ್ತು.

ಆಕೆಗೆ ಅದು ಗೊತ್ತಿರಲಿಲ್ಲ. ಮಂಟಪದ ತುಂಬ ಸುತ್ತಲಿನ ಊರುಗಳಿಂದ ಬಂದ ಅಜ್ಜಿಯರು ಕೂತಿದ್ದರು. ಬಾಣಂತಿಗೆ, ಎಳೆಗೂಸಿಗೆ ಯಾವುದು ಒಳ್ಳೆಯದು ಯಾವುದು ಕೆಟ್ಟದ್ದು ಎಂದು ಸೊಸೆಯಂದಿರಿಗೆ ಎಷ್ಟು ಹೇಳಿದರೂ ಮನೆಯಲ್ಲಿ ನಡೆಯುವುದು ಅತ್ತೆಯ ಮಾತು. ಆದ್ದರಿಂದ ಅಜ್ಜಿಯರನ್ನೇ ಕೂಡಿಸಬೇಕು ಎಂದು ಅಲ್ಲಿಯ ಸಂಸ್ಥೆಯೊಂದು ಊರೂರಿಗೆ ಅಜ್ಜಿಯರ ಕೂಟ ಕಟ್ಟಿಸಿತ್ತು. ಔರಾದಿನ ಕುರುಬರ ಓಣಿಯ ಕೂಟಕ್ಕೆ ಅಂಜನಾಬಾಯಿಯೇ ಮುಂದು. ಓದು ಬಾರದ ಹೆಂಗಸು. ಆದರೆ ಹುಟ್ಟಿದಾಗಿನಿಂದ ಭಜನೆಯ ಪದಗಳನ್ನು ಕೇಳಿಸಿಕೊಂಡು ಬೆಳೆದ ಕಿವಿ ಆಕೆಯದು. ಮಾತಿಗೆ ನಿಂತರೆ ಒಂದು ಸೊಲ್ಲು ಇನ್ನೊಂದನ್ನು ಕೈ ಹಿಡಿದು ಕರೆತರುತ್ತಿತ್ತು.

"ಕೂಸು ಉಸಿರಿಗಿ ಒದ್ದಾಡಿ ಹೊಟ್ಟಿ ಎಳೀತಂದ್ರ ಸೂಜಿ ಕಾಸಬ್ಯಾಡ್ರಿ. ಅರಿಶಿಣ ಕೊಂಬು ಸುಡಬ್ಯಾಡ್ರಿ. ಹೆತ್ತ ಹೊಟ್ಟಿನೇ ಉರೀಲತ್ತಿರ್ತದ, ಹುಟ್ಟಿದ ಹೊಟ್ಟಿಗಿ ಮತ್ತ ಉರಿ ಯಾಕ ಹಚ್ತೀರಿ? ದವಾಖಾನಿಗಿ ಒಯ್ರಿ," ಎಂದಳು. ಮಂಟಪ ಚಪ್ಪಾಳೆ ತಟ್ಟಿತು. ಕುರುಬರ ಓಣಿಯಲ್ಲಿ ವರ್ಷದಿಂದ ಯಾವ ಅಜ್ಜಿಯೂ ಯಾವ ಕೂಸಿಗೂ ಬರೆ ಇಟ್ಟಿಲ್ಲ ಎಂದು ಸಂಸ್ಥೆಯ ಮೇಡಂ ಮೈಕಿನಲ್ಲಿ ಹೇಳಿ ಆಕೆಗೆ ಶಾಲು ಹೊದಿಸಿದರು.

ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತ ರಹೀಮುನ್ನಿಸಾ ಆ ಶಾಲನ್ನು ಮುಟ್ಟಿ ಮುಟ್ಟಿ ನೋಡಿದಳು. ಬೆನ್ನಿಗೆ ಬೆನ್ನು ಹಚ್ಚಿಕೊಂಡ ಮನೆಯ ನೆರೆಯವಳು, ಕೂಟದಲ್ಲಿ ಅಂಜನಾಬಾಯಿಯ ಬಲಗೈ.

"ಇನ್ನ ಮ್ಯಾಲ ನಾ ನಿನಗ ಅಂಜನಕ್ಕ ಅನ್ನಾಂಗಿಲ್ಲ. ಮೇಡಂ ಅನಬೇಕು," ಎಂದಳು.

"ಅನ್ನು. ಆದ್ರ ರೊಟ್ಟಿ ನೀನೇ ಬಡದು ಕೊಡು ಮತ್ತ. ಮೇಡಂದೇರು ರೊಟ್ಟಿ ಬಡಿಯಂಗಿಲ್ಲ."

ಇಬ್ಬರೂ ನಕ್ಕರು. ಶಾಲು ಮೆತ್ತಗಿದೆ, ಪ್ರಣಿತಾಳ ಕೆಳಗೆ ಹಾಸಲು ಆಗುತ್ತದೆ ಎಂದುಕೊಂಡಳು ಅಂಜನಾಬಾಯಿ. ಪ್ರಣಿತಾ ಮಗ ಅಶೋಕಕುಮಾರನ ಚೊಚ್ಚಲು ಕೂಸು. ಸೊಸೆ ಸೋನಾಲಿ ಬೀದರದ ತವರಿನಲ್ಲಿ ಹೆತ್ತು, ಬಾಣಂತನ ಮುಗಿಸಿ ಮೊನ್ನೆ ಮೊನ್ನೆ ಬಂದಿದ್ದಳು.

ಮನೆಗೆ ಬಂದರೆ ಬಾಗಿಲಿಗೆ ಬರೀ ಚಿಲಕ. ಒಳಗೆ ಪರಾತದಲ್ಲಿ ಅರ್ಧ ನಾದಿದ ಜೋಳದ ಹಿಟ್ಟು ಬಿರುಕು ಬಿಟ್ಟಿತ್ತು. ಒಲೆಯ ಮೇಲೆ ಬೇಳೆ ತಣ್ಣಗಾಗಿತ್ತು. ತೊಟ್ಟಿಲು ಖಾಲಿ.

ಹಿಂದಿನ ದೊಡ್ಡಿಯಲ್ಲಿ ಗಂಡ ದತ್ತಾತ್ರಿ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ತಲೆ ಎತ್ತದೆ ಹೇಳಿದ: "ಅಶೋಕ ಬಂದು ಸೋನಾಲಿನ, ಕೂಸಿನ ಬೀದರಕ್ಕ ಕರ್ಕೊಂಡು ಹೋಗ್ಯಾನ. ಕೂಸಿಗಿ ಭಾಳ ಆರಾಮಿಲ್ಲ."

"ನೀವ್ಯಾಕ ಹೋಗ್ಲಿಲ್ಲ?"

"ಅಶೋಕ ಬ್ಯಾಡ ಅಂದ."

ಅಷ್ಟೇ ಹೇಳಿ ಆತ ಮತ್ತೆ ಸೊಪ್ಪಿನ ಕಟ್ಟಿಗೆ ಕೈ ಹಾಕಿದ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದುದನ್ನು ಆಕೆ ನೋಡಿದಳು. ಕೂಸಿನ ಚಿಂತೆಗೆ ಎಂದುಕೊಂಡಳು.

ಮರುದಿನ ಮೊದಲ ಬಸ್ಸಿಗೆ ಬೀದರಿಗೆ ಹೋದಳು. ಆಸ್ಪತ್ರೆಯ ಮಕ್ಕಳ ವಾರ್ಡಿನ ಬಾಗಿಲಲ್ಲಿ ಬೀಗತಿ ಚಂದ್ರಕಲಾಬಾಯಿ ಡಬ್ಬಿ ಹಿಡಿದುಕೊಂಡು ಕೂತಿದ್ದಳು. ಕಾಲು ಮಡಚಿ ದಾರಿ ಬಿಡಲಿಲ್ಲ.

"ಬರ್ರಿ ಬೀಗತೀ. ಊರಿಗೆಲ್ಲ ಬುದ್ಧಿ ಹೇಳ್ಲಿಕ್ಕಿ ಹೋಗಿದ್ರಂತ. ಒಳಗ ಹೋಗಿ ನಿಮ್ಮ ಮನಿ ಬುದ್ಧಿ ನೋಡ್ರಿ."

ಕೂಸಿನ ಮೂಗಿಗೆ ನಳಿಕೆ ಹಾಕಿದ್ದರು. ಒಂದೊಂದು ಉಸಿರಿಗೂ ಪಕ್ಕೆಯ ಕೆಳಗೆ ಕುಳಿ ಬೀಳುತ್ತಿತ್ತು. ಸಿಸ್ಟರ್ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ಮುಲಾಮು ಹಚ್ಚುತ್ತಿದ್ದಳು. ಅಂಜನಾಬಾಯಿ ಬಗ್ಗಿ ನೋಡಿದಳು.

ಸೂಜಿಯ ಚುಕ್ಕೆಯಲ್ಲ. ಅರಿಶಿಣ ಕೊಂಬಿನ ಕಲೆಯಲ್ಲ. ಬೆರಳಗಲದ, ಎರಡೂ ತುದಿ ಬಾಗಿದ, ಬೆಂದು ಬೊಬ್ಬೆಯೆದ್ದ ಗಾಯ. ಆ ಬಾಗು ಆಕೆಗೆ ಗೊತ್ತಿತ್ತು. ಹೊಟ್ಟೆ ಉಬ್ಬಿದ ಕುರಿಗೆ, ಕುಂಟುವ ಮರಿಗೆ ಕಾಸಿ ಇಡುವ ಸಲಾಕೆಯ ಬಾಗು ಅದು. ತಮ್ಮ ದೊಡ್ಡಿಯ ಎಷ್ಟೋ ಕುರಿಗಳ ಪಕ್ಕೆಯ ಮೇಲೆ ದಿನವೂ ನೋಡಿದ್ದಳು.

ಸೋನಾಲಿ ಮಂಚದ ಆ ಬದಿಗೆ ಕೂತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅತ್ತೆಯ ಮುಖ ನೋಡಲಿಲ್ಲ.

ಡಾಕ್ಟರ್ ಹುಡುಗಿ ಬಂದು ಹೇಳಿದಳು: ಕೂಸಿಗೆ ನಿಮೋನಿಯಾ ಆಗಿದೆ, ಮೊದಲೇ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ, ಈಗ ಸುಟ್ಟ ಗಾಯ ಬೇರೆ ಸೇರಿದೆ, ಅದಕ್ಕೆ ನಂಜು ಏರಬಹುದು, ಏನೂ ಹೇಳಲು ಬರುವುದಿಲ್ಲ. ಹೇಳಿ ಮುಗಿಸಿ ಯಾರು ಇಟ್ಟದ್ದು ಎಂದು ಕೇಳಿದಳು. ಸೋನಾಲಿ ಕೂಸಿನ ಹೊದಿಕೆ ಸರಿಪಡಿಸತೊಡಗಿದಳು. ಕೊನೆಗೆ ಮಂಚದ ಕಾಲಬದಿಗೆ ನಿಂತಿದ್ದ ಅಶೋಕನೇ "ನಮ್ಮಪ್ಪ" ಎಂದ. ಭಾಲ್ಕಿಯ ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ಮಗ, ಎಂದೂ ತಾಯಿಗೆ ಎದುರಾಡಿದವನಲ್ಲ. ಹೊರಗೆ ಬಂದವನೇ ಗೋಡೆ ನೋಡುತ್ತ ಕೇಳಿದ:

"ಅವ್ವ, ಊರಿಗೆಲ್ಲ ಹೇಳ್ದಿ. ಒಂದಿನ ಅಪ್ಪಗ ಹೇಳ್ಲಿಕ್ಕಿ ನಿನಗ ಆಗ್ಲಿಲ್ಲೇನು?"

ಚಂದ್ರಕಲಾಬಾಯಿ ತನ್ನ ತೀರ್ಮಾನವನ್ನು ಅಲ್ಲೇ ಹೇಳಿಬಿಟ್ಟಳು. ಕೂಸು ಬದುಕಿದರೆ ಮಗಳೂ ಕೂಸೂ ತನ್ನ ಮನೆಗೆ. ಆ ಮುದುಕ ಇರುವ ತನಕ ಆ ಹೊಸ್ತಿಲು ದಾಟಿಸುವುದಿಲ್ಲ.

ಸಂಜೆ ಮನೆಗೆ ಬಂದ ಅಂಜನಾಬಾಯಿ ರೊಟ್ಟಿ ಬಡಿದಳು. ಗಂಡನ ಮುಂದೆ ತಾಟು ಇಟ್ಟಳು. ರೊಟ್ಟಿ ಮಾತ್ರ ಬುಟ್ಟಿಯಲ್ಲೇ ಉಳಿಯಿತು.

"ಯಾಕ ಇಟ್ರಿ?"

ದತ್ತಾತ್ರಿ ಖಾಲಿ ತಾಟು ನೋಡುತ್ತ ಕೂತ. "ಹೊಟ್ಟಿ ಎಳೀಲತ್ತಿತ್ತು. ಅದರ ಉಸಿರು ನಿಂತಂಗ ಆತು. ಮರಿ ಆಗಿದ್ರ ನಾ ಸುಮ್ನ ಕೂಡ್ತಿದ್ನೇನು?"

"ಅದೇನು ಮರೀ? ಮೊಮ್ಮಗಳು."

"ಮೊಮ್ಮಗಳು ಅಂತೇ ಇಟ್ಟೆ."

"ಇಡಬ್ಯಾಡ್ರಿ ಇಡಬ್ಯಾಡ್ರಿ ಅಂತ ಓಣಿ ಓಣಿ ತಿರಗ್ತೀನಿ. ನಿಮಗ ಗೊತ್ತಿರ್ಲಿಲ್ಲೇನು?"

ಆತ ಆಗ ತಲೆ ಎತ್ತಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದವನ ಬೆರಗಿತ್ತು. "ನನಗ ಯಾರ ಹೇಳ್ಯಾರ? ಗುರುವಾರ ಬಂತಂದ್ರ, ಏಳ್ರಿ, ಹೊರಗ ನಡೀರಿ, ಹೆಣ್ಮಕ್ಕಳ ಮಾತದ ಅಂತಿದ್ದಿ. ನಾ ಕುರಿ ಹೊಡ್ಕೊಂಡು ಹೋಗ್ತಿದ್ದೆ. ಬಾಣಂತ್ಯಾರ ಮಾತು, ಗಂಡಸರು ಕೇಳೂದಲ್ಲ ಅಂದ್ಕೊಂಡೆ."

ಆತ ಹೇಳಿದ್ದು ಅಕ್ಷರಕ್ಕಕ್ಷರ ಖರೆ. ಗುರುವಾರ ಗುರುವಾರ ಕೂಟದ ಹೆಂಗಸರು ಮನೆಗೆ ಬರುವ ಮುಂಚೆ ಪಡಸಾಲೆ ಗುಡಿಸಿ, ಜಮಖಾನ ಹಾಸಿ, ಗಂಡನನ್ನು ಹೊರಗೆ ಹಾಕಿ ಕದ ಎಳೆಯುತ್ತಿದ್ದವಳು ಆಕೆಯೇ. ಬಾಣಂತಿಯ ಮಾತು ಗಂಡಸರ ಕಿವಿಗೆ ಬೀಳಬಾರದು ಎಂಬುದು ಆಕೆಯ ಅತ್ತೆಯ ಕಾಲದ ಮರ್ಯಾದೆ. ಆಕೆ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಭಾಲ್ಕಿಯ ಮೇಡಂ ಕೂಡ ತಪ್ಪಿಸಲು ಹೇಳಿರಲಿಲ್ಲ.

ಅಂದಿನಿಂದ ದತ್ತಾತ್ರಿ ದೊಡ್ಡಿಯಲ್ಲೇ ಕಂಬಳಿ ಹಾಸಿಕೊಂಡ. ಊಟವೂ ಅಲ್ಲೇ. ಅಂಜನಾಬಾಯಿ ರೊಟ್ಟಿಯ ಮೇಲೆ ಪುಂಡಿ ಪಲ್ಯ ಹಾಕಿ ಬೇಲಿಯ ಕಲ್ಲಿನ ಮೇಲಿಟ್ಟು ಬರುತ್ತಿದ್ದಳು. ಆತ ಗುಡಿಯ ಭಜನೆಗೆ ಹೋಗುವುದನ್ನೂ ಬಿಟ್ಟ. ದನಿ ಏಳುವುದಿಲ್ಲ ಎಂದು ಕರೆಯಲು ಬಂದವರಿಗೆ ಹೇಳಿದನಂತೆ. ಅಶೋಕ ಭಾಲ್ಕಿಯಿಂದ ಶನಿವಾರ ಬಂದರೆ ತಂದೆಯ ಎದುರಿಗೇ ಹಾದು ಒಳಗೆ ಹೋಗುತ್ತಿದ್ದ. ತಾಯಿಯೊಂದಿಗೆ ಬೇಕಾದಷ್ಟೇ ಮಾತು. ಓಣಿಯಲ್ಲಿ ಕೂಟದ ಕೆಲವರು, ಮನೆಯ ಕೂಸನ್ನೇ ಕಾಯಲಾರದವಳು ನಮಗೇನು ಹೇಳುತ್ತಾಳೆ ಎಂದು ಗುರುವಾರ ಬರುವುದನ್ನು ನಿಲ್ಲಿಸಿದರು. ಅವರ ಮನೆಗಳಿಗೆ ಹೋಗಿ ಜಗಳ ತೆಗೆದವಳು ರಹೀಮುನ್ನಿಸಾ. ಅಂಜನಾಬಾಯಿ ಮಾತ್ರ ಅವರು ಅಂದದ್ದರಲ್ಲಿ ಸುಳ್ಳೇನಿದೆ ಎಂದು ಸುಮ್ಮನಾದಳು.

ಕೂಸು ಬದುಕಿತು. ಆಸ್ಪತ್ರೆಯಿಂದ ಬೀದರದ ಅಜ್ಜಿಯ ಮನೆಗೆ ಹೋಯಿತು. ಆ ಸುದ್ದಿ ಬಂದ ದಿನ ಅಂಜನಾಬಾಯಿ ಒಣಕೊಬ್ಬರಿ ತುರಿದು, ಅಂಟು ಹುರಿದು, ಬಾಣಂತಿಗೆಂದು ಉಂಡೆ ಕಟ್ಟಿದಳು. ಆಕೆಗೆ ಈಗ ಬೇಕಾದದ್ದು ಒಂದೇ. ಆ ತೊಟ್ಟಿಲು ಮತ್ತೆ ತುಂಬಬೇಕು. ಸೊಸೆ ಒಳಗೆ ತಿರುಗಾಡಬೇಕು. ಉಂಡೆಯ ಡಬ್ಬಿ ಹಿಡಿದು ಬೀದರಿಗೆ ಹೋದಳು.

ಚಂದ್ರಕಲಾಬಾಯಿ ಹೊರಗಿನ ಕೋಣೆಯಲ್ಲೇ ಕೂಡಿಸಿದಳು. ಚಾ ಕೊಟ್ಟಳು. ಡಬ್ಬಿ ಮುಟ್ಟಲಿಲ್ಲ. ಕೂಸು ಮಲಗಿದೆ, ಎಬ್ಬಿಸಬಾರದು ಎಂದಳು. ಒಳಗಿನಿಂದ ಕೂಸಿನ ದನಿ ಕೇಳುತ್ತಲೇ ಇತ್ತು.

"ಒಂದೇ ಸಲ ಮಕ ನೋಡಿ ಹೋಗ್ತೇನಿ ಬೀಗತೀ."

"ನಿಮ್ಮ ಮನಿಯವರು ಮಕ ನೋಡಿದ್ದು ಸಾಲದೇನ್ರಿ? ನಮ್ಮ ಅಳಿಯ ಕೈ ಮುಗ್ದು ಕೇಸು ಬ್ಯಾಡ ಅಂದಾನಂತ ಸುಮ್ನದೀನಿ. ಇಲ್ಲಂದ್ರ ಆ ಮುದಕ ಈಗ ಠಾಣೇದಾಗ ಇರ್ತಿದ್ದ."

ಆಗ ಸೋನಾಲಿ ಪರದೆ ಸರಿಸಿ ಹೊರಗೆ ಬಂದಳು. ಕೂಸು ಹೆಗಲ ಮೇಲಿತ್ತು. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ತಾಯಿಯನ್ನೇ ನೋಡುತ್ತ ಹೇಳಿದಳು.

"ಅವ್ವಾ, ಮಾವ ತಾವಾಗಿ ಇಡ್ಲಿಲ್ಲ. ಕೂಸಿನ ದೊಡ್ಡಿಗಿ ಒಯ್ದು ಅವರ ಮುಂದ ಮಲಗ್ಸಿದಾಕಿ ನಾನು. ಇಡ್ರಿ ಅಂದಾಕಿನೂ ನಾನೇ."

ಚಂದ್ರಕಲಾಬಾಯಿಯ ಕೈಯಲ್ಲಿದ್ದ ಬಶಿಯಿಂದ ಚಾ ಸೀರೆಯ ಮೇಲೆ ಚೆಲ್ಲಿತು. "ನೀನಾ? ಬಿ.ಎ. ಓದಿದಾಕಿ?"

"ಕೂಸು ನೀಲಿ ಆಗ್ಲತ್ತಿತ್ತು. ಅತ್ತಿ ಮನ್ಯಾಗ ಇರ್ಲಿಲ್ಲ, ಇವರು ಭಾಲ್ಕ್ಯಾಗ. ನನಗೇನೂ ತಿಳೀಲಿಲ್ಲ. ಓಣ್ಯಾಗ ಎಲ್ಲಾರೂ ಕುರಿಯವರ ಹಂತೇಕ ಒಯ್ತಾರ, ನಾನೂ ಒಯ್ದೆ. ಮಾವ ಮೊದಲು ಒಲ್ಲೆ ಅಂದ್ರು. ನಾ ಅಳ್ಕೋತ ಕೂತೆ. ಆಮ್ಯಾಲ ಇಟ್ರು."

ಅಂಜನಾಬಾಯಿ ಎದ್ದು ನಿಂತಿದ್ದಳು. ಗಂಡ ಈ ಮಾತನ್ನು ತನಗೂ ಹೇಳಿರಲಿಲ್ಲ. ದೊಡ್ಡಿಯ ಚಳಿಯಲ್ಲಿ ಮಲಗಿ ಸೊಸೆಯ ಹೆಸರನ್ನು ನುಂಗಿಕೊಂಡಿದ್ದ. ಆದರೆ ಆಕೆಯ ಎದೆಗೆ ನಾಟಿದ್ದು ಇನ್ನೊಂದು.

"ಎಲ್ಲಾರೂ ಒಯ್ತಾರ ಅಂದ್ರ?"

ಸೋನಾಲಿ ಅತ್ತೆಯತ್ತ ತಿರುಗಿದಳು. "ಹೌದ್ರಿ ಅತ್ತಿ. ನಿಮಗ ಗೊತ್ತಿಲ್ಲೇನ್ರಿ?"

ಚಂದ್ರಕಲಾಬಾಯಿ ಅಡುಗೆ ಮನೆಗೆ ಹೋಗಿ, ಬಂದು, ಮತ್ತೆ ಹೋಗಿ, ಕೊನೆಗೆ ಬೀಗತಿಯ ಮುಂದೆ ಊಟದ ತಾಟು ತಂದಿಟ್ಟಳು. ಮಗಳು ಮಾಡಿದ್ದಕ್ಕೆ ಒಬ್ಬನನ್ನೇ ಹೊರಗೆ ಹಾಕುವುದು ನ್ಯಾಯವಲ್ಲ ಎಂದು, ನೆಲ ನೋಡುತ್ತ, ಸೋಮವಾರ ಬಂದು ಕರೆದುಕೊಂಡು ಹೋಗಿರಿ ಎಂದಳು. ಉಂಡೆಯ ಡಬ್ಬಿಯನ್ನು ಒಳಗೆ ಒಯ್ದಳು. ಸೋನಾಲಿ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿದಳು. ಅಂಜನಾಬಾಯಿ ಅದರ ನೆತ್ತಿ ಮೂಸಿದಳು, ಹೊಟ್ಟೆಯ ಮೇಲಿನ ಅಂಗಿ ಮಾತ್ರ ಎತ್ತಲಿಲ್ಲ.

ಔರಾದಿನಲ್ಲಿ ಬಸ್ಸಿಳಿದವಳು ಮನೆಗೆ ಹೋಗದೆ ಓಣಿಯ ಹಿಂದಿನ ದೊಡ್ಡಿಗಳ ಕಡೆಗೆ ನಡೆದಳು. ದಾರಿಯಲ್ಲಿ ರಹೀಮುನ್ನಿಸಾಳನ್ನೂ ಕರೆದುಕೊಂಡಳು. ಕುರಿಗಳು ಮೇದು ಬಂದ ಹೊತ್ತು. ಬೇವಿನ ಗಿಡದ ಕೆಳಗೆ ಓಣಿಯ ಮುದುಕರು ಬೀಡಿ ಸೇದುತ್ತ ಕೂತಿದ್ದರು. ದೂರದಲ್ಲಿ, ಬೇಲಿಗೆ ಒರಗಿ, ದತ್ತಾತ್ರಿ. ಹೆಂಗಸರನ್ನು ಕಂಡು ಮುದುಕರು ಬೀಡಿ ಆರಿಸಿ ಏಳಲು ನೋಡಿದರು. ಅಂಜನಾಬಾಯಿ ಕೂಡ್ರಿ ಎಂದು ತಾನೂ ಮಣ್ಣಿನ ಮೇಲೆ ಕೂತಳು.

ಎಲ್ಲರಿಗಿಂತ ಹಿರಿಯ ಹಾವಗೆಪ್ಪನನ್ನೇ ಕೇಳಿದಳು: ನಿಮ್ಮ ಹತ್ತಿರ ಕೂಸುಗಳನ್ನು ತರುತ್ತಾರಂತೆ, ಹೌದೇ?

"ತರ್ತಾರ ವೈನಿ. ಅದ್ರಾಗೇನದ?" ಹಾವಗೆಪ್ಪ ಗುಟ್ಟು ಮಾಡಲಿಲ್ಲ. "ಮೊದಲು ನಿಮ್ಮಂಥ ಅಜ್ಜಿಯರ ಹಂತೇಕ ಒಯ್ತಿದ್ರು. ಸೂಜಿ ಕಾಸಿ ಚುಟುಕು ಇಡ್ತಿದ್ರಿ. ಈಗ ನೀವು ಎಲ್ಲಾರೂ ಕೂಡಿ ಒಲ್ಲೆ ಅಂದ್ರಿ. ಅವರರೇ ಎಲ್ಲಿಗಿ ಹೋಗ್ಬೇಕು? ನೀವು ಬೈತೀರಂತ ನಿಮ್ಮ ಕಣ್ಣು ತಪ್ಪಿಸಿ ನಮ್ಮ ಹಂತೇಕ ಬರ್ತಾರ."

"ಯಾವಾಗಿಂದ?"

"ನಿಮ್ಮ ಗುರುವಾರದ ಮೀಟಿಂಗ್ ಸುರು ಆದಾಗಿಂದ."

ರಹೀಮುನ್ನಿಸಾ ಯಾ ಅಲ್ಲಾ ಎಂದು ಮೆಲ್ಲಗೆ ಅಂದಳು. ಅಂಜನಾಬಾಯಿ ಮುಂದಕ್ಕೆ ಬಾಗಿದಳು.

"ಸೂಜೀಲೆ ಇಡ್ತೀರೇನು?"

"ನಮ್ಮ ಹಂತೇಕ ಸೂಜಿ ಎಲ್ಲಿಂದ ಬರ್ಬೇಕು ವೈನಿ? ಕುರಿಗಿ ಇಡೋದೇ ಅದ. ಹಗೂರಕ ಇಡ್ತೇವಿ ಬಿಡ್ರಿ. ಹೆಣ್ಮಕ್ಕಳು ಅಳ್ಕೋತ ಕಾಲಿಗಿ ಬೀಳ್ತಾರ. ಹ್ಯಾಂಗ ಒಲ್ಲೆ ಅನಬೇಕು?"

ಉಳಿದವರು ಹೌದೆಂದು ತಲೆ ಆಡಿಸಿದರು. ಯಾರ ಮುಖದಲ್ಲೂ ಅಳುಕಿರಲಿಲ್ಲ; ನೆರೆಯವರ ಕಷ್ಟಕ್ಕೆ ಆದ ಮನುಷ್ಯರ ಮುಖಗಳು ಅವು. ವರ್ಷದಿಂದ ಯಾವ ಅಜ್ಜಿಯೂ ಬರೆ ಇಟ್ಟಿಲ್ಲ. ಮೈಕಿನಲ್ಲಿ ಹೇಳಿದ್ದು ಸುಳ್ಳಲ್ಲ. ಸೂಜಿಯ ಚುಕ್ಕೆ ಇದ್ದಲ್ಲಿ ಈಗ ಸಲಾಕೆಯ ಬಾಗು ಬಿದ್ದಿತ್ತು, ಅಷ್ಟೇ. ಆಕೆ ಊರ ಸೂಜಿಗಳನ್ನೆಲ್ಲ ಕೆಳಗಿಡಿಸಿ ಕೂಸುಗಳನ್ನು ಕುರಿಯ ಬೆಂಕಿಗೆ ಅಟ್ಟಿದ್ದಳು.

ಆಕೆ ಬೇಲಿಯತ್ತ ತಿರುಗಿದಳು. "ನೀವು ಎಷ್ಟು ಕೂಸಿಗಿ ಇಟ್ಟೀರಿ?"

ದತ್ತಾತ್ರಿ ಬೆರಳು ಮಡಚತೊಡಗಿದ. ಒಂದು ಕೈ ಮುಗಿಯಿತು. ಇನ್ನೊಂದು ಕೈಗೆ ಹೋದ. ನಡುವೆ ಒಂದು ಬೆರಳಿಗೆ ಬಂದು ನಿಂತು, ಅದನ್ನು ಮಡಚದೆ ಹಿಡಿದುಕೊಂಡ.

"ಕಮಲನಗರದಿಂದ ತಂದಿದ್ರಲ್ಲ, ಆ ಕೂಸು ಉಳೀಲಿಲ್ಲಂತ. ಬರಿ ಇಡೂದು ತಡಾ ಆತು ಅಂದ್ರು. ನಾನೂ ಹಂಗೇ ಅಂದ್ಕೊಂಡಿದ್ದೆ," ಎಂದ. "ನಮ್ಮ ಪ್ರಣಿತಾನ ದವಾಖಾನಿಗಿ ಒಯ್ಯೂ ತನಕ ಹಂಗೇ ಅಂದ್ಕೊಂಡಿದ್ದೆ."

ಹಾವಗೆಪ್ಪ ಆರಿಸಿದ ಬೀಡಿಯನ್ನೇ ಬಾಯಿಗಿಟ್ಟುಕೊಂಡು ಕೂತ.

ಮನೆಗೆ ಬಂದು ಅಂಜನಾಬಾಯಿ ಬೀದರಿಗೆ ಫೋನ್ ಹಚ್ಚಿಸಿದಳು. ಸೋನಾಲಿ ಖುಷಿಯಿಂದ, ಕೂಸಿನ ಅಂಗಿಗಳನ್ನೆಲ್ಲ ಆಗಲೇ ಚೀಲಕ್ಕೆ ತುಂಬಿದ್ದೇನೆ ಎಂದಳು.

"ಸೋಮವಾರ ಬ್ಯಾಡ, ಸೋನಾಲಿ."

ಆ ಕಡೆ ಚಂದ್ರಕಲಾಬಾಯಿ ಫೋನ್ ಕಸಿದುಕೊಂಡಳು. "ಏನ್ರಿ ಬೀಗತೀ, ನಾ ಮೆತ್ತಗಾದ ಮ್ಯಾಲ ನೀವು ಗಟ್ಟಿ ಆದ್ರೇನು? ಸೊಸಿ ಮ್ಯಾಲ ಸಿಟ್ಟದೇನು?"

"ಸಿಟ್ಟಲ್ರಿ. ನಮ್ಮ ಓಣಿ ಕೂಸು ಇರೋ ಓಣಿ ಅಲ್ಲ, ಇನ್ನಾ. ನಮ್ಮ ಮನಿಯವರು ಬರಿ ಇಟ್ಟ ಮನಿಗೆಲ್ಲ ಇವರನ್ನೇ ಕರ್ಕೊಂಡು ಹೋಗಿ ಬರ್ತೇನಿ. ಅದು ಮುಗದ ಮ್ಯಾಲ ನಿಮ್ಮ ಬಾಗಲಿಗಿ ಬಂದು ಕೇಳ್ತೇನಿ. ಕೊಟ್ರ ಕೊಡ್ರಿ."

ಹೇಳುವಾಗ ದನಿ ಗಟ್ಟಿಯಾಗೇ ಇತ್ತು. ಫೋನ್ ಇಟ್ಟ ಮೇಲೆ ಖಾಲಿ ತೊಟ್ಟಿಲ ಹಗ್ಗ ಹಿಡಿದು ಅತ್ತಳು.

ಸೋಮವಾರ ಬೆಳಿಗ್ಗೆ ಇಬ್ಬರೂ ಹೊರಟರು. ಮನೆಗಳು ಗೊತ್ತಿದ್ದುದು ಆತನಿಗೆ, ಆದ್ದರಿಂದ ದತ್ತಾತ್ರಿ ಮುಂದೆ. ಮಾತು ಬರುವುದು ಆಕೆಗೆ, ಆದರೆ ಮಾತು ಇವತ್ತು ಆತನೇ ಆಡಬೇಕು ಎಂದು ಆಕೆ ಹಟ ಹಿಡಿದಿದ್ದಳು. ಏನು ಹೇಳಬೇಕೆಂದು ದಾರಿಯುದ್ದ ಆತ ತುಟಿ ಅಲ್ಲಾಡಿಸುತ್ತಿದ್ದ.

ಮೊದಲ ಮನೆ ರಸ್ತೆಯ ಅಂಚಿನ ಸಪನಾಳದು. ಎಳೆಯ ಹುಡುಗಿ, ಗಂಡ ಹೈದರಾಬಾದಿಗೆ ಗಾಡಿ ಹೊಡೆಯಲು ಹೋದವನು. ದತ್ತಾತ್ರಿಯನ್ನು ಕಂಡದ್ದೇ ಆಕೆಯ ಮುಖ ಅರಳಿತು. ತಲೆಯ ಮೇಲೆ ಸೆರಗೆಳೆದುಕೊಂಡು ಕಾಲು ಮುಟ್ಟಿದಳು. ಕುರ್ಚಿ ಎಳೆದಳು.

"ನೀವೇ ಬಂದ್ರಿ, ಛಲೋ ಆತು ಕಾಕಾ. ನಿನ್ನಿಯಿಂದ ಮತ್ತ ಹೊಟ್ಟಿ ಎಳೀಲತ್ತದ. ನಿಮ್ಮ ಹಂತೇಕೇ ಹೊಂಟಿದ್ದೆ."

ಒಳಗೆ ಹೋಗಿ ಕೂಸನ್ನು ತಂದಳು. ಆತನ ಕಾಲ ಹತ್ತಿರ ನೆಲದ ಮೇಲೆ ಮಲಗಿಸಿದಳು. ಅಂಗಿ ಮೇಲಕ್ಕೆ ಸರಿಸಿ, ತಾನಾಗಿಯೇ ಕೂಸಿನ ಎರಡೂ ಕಾಲು ಜೋಡಿಸಿ ಹಿಡಿದುಕೊಂಡಳು. ಹಳೆಯ ಬಾಗಿನ ಪಕ್ಕದಲ್ಲಿ ಹೊಸದಕ್ಕೆ ಜಾಗವಿತ್ತು. ಒಂದೊಂದು ಉಸಿರಿಗೂ ಅಲ್ಲಿ ಕುಳಿ ಬೀಳುತ್ತಿತ್ತು.

ದತ್ತಾತ್ರಿ ಬಾಯಿ ತೆರೆದ. ದಾರಿಯುದ್ದ ಕಟ್ಟಿಕೊಂಡ ಮಾತು ಒಂದೂ ಬರಲಿಲ್ಲ.

ಅಂಜನಾಬಾಯಿ ಬಗ್ಗಿ ಕೂಸನ್ನು ಎತ್ತಿಕೊಂಡಳು. ಏನೂ ಹೇಳದೆ ರಸ್ತೆಗೆ ನಡೆದಳು. ಹಿಂದೆ ಸಪನಾ, ಏನಾಯಿತು ಕಾಕೂ, ಏನು ತಪ್ಪಾಯಿತು ಎನ್ನುತ್ತ ಬರಿಗಾಲಲ್ಲೇ ಓಡಿಬಂದಳು. ದತ್ತಾತ್ರಿ ಇಬ್ಬರನ್ನೂ ದಾಟಿ ರಸ್ತೆಯ ನಡುವೆ ಹೋಗಿ ಎರಡೂ ಕೈ ಅಗಲಿಸಿ ನಿಂತ. ಜನ ತುಂಬಿ ಬರುತ್ತಿದ್ದ ಟಂಟಂ ಆಟೊ ಕಿರುಗುಟ್ಟಿ ನಿಂತಿತು. ಒಳಗಿದ್ದವರು ಬೈಯುತ್ತ ಸರಿದು ಜಾಗ ಕೊಟ್ಟರು.

ದವಾಖಾನೆಗೆ ಎಂದು ಗೊತ್ತಾದ ಮೇಲೆ ಸಪನಾ ಸ್ವಲ್ಪ ಸಮಾಧಾನವಾದಳು. ಕೂಸನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಮಗ್ಗುಲಲ್ಲಿ ಕೂತ ದತ್ತಾತ್ರಿಯ ಕಡೆ ಬಾಗಿ, ಬೇರೆಯವರಿಗೆ ಕೇಳದಂತೆ ಬೇಡಿಕೊಂಡಳು.

"ದವಾಖಾನಿಗಿ ಹೋಗೋಣ್ರಿ ಕಾಕಾ, ನಾ ಒಲ್ಲೆ ಅನ್ನಂಗಿಲ್ಲ. ಬಂದ ಮ್ಯಾಲ ನೀವು ಒಂದೇ ಒಂದು ಇಟ್ಟು ಬಿಡ್ರಿ. ನಿಮ್ಮ ಕೈ ಬಿದ್ರ ನನಗ ಜೀವಕ್ಕ ಧೈರ್ಯ."

ಟಂಟಂ ಕುಲುಕಿತು. ದತ್ತಾತ್ರಿ ತನ್ನ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಎಲ್ಲರಿಗೂ ಕೇಳುವಂತೆ ಹೇಳಿದ:

"ಈ ಕೈಲೇ ನನ್ನ ಮೊಮ್ಮಗಳನ್ನ ಸುಟ್ಟೀನಿ, ತಂಗೀ. ಸಾಯ್ಲಿಕ್ಕಿ ಬಿದ್ದಿತ್ತು. ಕಮಲನಗರದ ಕೂಸು ಸತ್ತದ."

ಸಪನಾ ಆ ಕೈಗಳನ್ನು ನೋಡಿದಳು. ಆಮೇಲೆ ಆತನ ಮುಖ ನೋಡಿದಳು. ಮತ್ತೆ ಕೈಗಳನ್ನು ನೋಡಿದಳು. ಕೂಸಿನ ಅಂಗಿಯನ್ನು ಕೆಳಗೆ ಎಳೆದು, ಅದನ್ನು ಎದೆಗೆ ಅವುಚಿಕೊಂಡು, ಜಾಗವಿಲ್ಲದ ಆ ಗಾಡಿಯಲ್ಲಿ ಆತನಿಂದ ಆದಷ್ಟು ದೂರ ಸರಿದು ಕೂತಳು.